ಮೂರು ಸಾವು ಸೊನ್ನೆಯಾಗಿದೆ. ಅದು ರಸ್ತೆ ಉಬ್ಬಿನಿಂದಲೇ ಎಂದು ತಿಳಿಯುವುದು ಹೇಗೆ?

ಗಣಿತ ಟೀಚರ್, ಮಂಡ್ಯ ಜಿಲ್ಲೆ | 2025 ಜೂನ್ 8

ಹದಿನಾಲ್ಕು ವರ್ಷಗಳಿಂದ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೇನೆ. ನಮ್ಮ ಶಾಲೆಯ ಗೇಟಿನಿಂದ ಹನ್ನೊಂದು ಹೆಜ್ಜೆ ಇಟ್ಟರೆ ಡಾಂಬರು. ರಸ್ತೆಯ ಈ ಕಡೆ ಶಾಲೆ, ಹಾಲಿನ ಡೇರಿ, ಬಸ್ ತಂಗುದಾಣ. ಆ ಕಡೆ ಊರು. ಊರಿನ ಪ್ರತಿ ಮಗುವೂ ದಿನಕ್ಕೆ ಎರಡು ಸಲವಾದರೂ ರಸ್ತೆ ದಾಟಲೇಬೇಕು.

2021ರಲ್ಲಿ ಇಲ್ಲಿ ಯಾರೂ ಸಾಯಲಿಲ್ಲ. 2022ರಲ್ಲಿ ಒಬ್ಬರು, ಡೇರಿಗೆ ಹಾಲು ಹಾಕಲು ಬಂದ ಅಜ್ಜ. 2023ರಲ್ಲಿ ಬೇರೆ ಬೇರೆ ದಿನ ಮೂವರು. ಮೂರನೆಯವಳು ನನ್ನ ಒಂಬತ್ತನೇ ತರಗತಿಯ ಹುಡುಗಿ. ತಿದ್ದಲೆಂದು ಅವಳು ಕೊಟ್ಟಿದ್ದ ರೇಖಾಗಣಿತದ ನೋಟ್‌ಬುಕ್ ಆ ದಿನ ನನ್ನ ಮೇಜಿನ ಮೇಲಿತ್ತು, ಇವತ್ತಿಗೂ ನನ್ನ ಬಳಿಯೇ ಇದೆ. ಅವಳ ಸಾವಿನ ನಂತರ ಊರವರು ರಸ್ತೆಗೆ ಅಡ್ಡ ಕುಳಿತರು. 2024ರ ಜನವರಿಯಲ್ಲಿ ಉಬ್ಬು ಬಂತು. ಅಲ್ಲಿಂದೀಚೆಗೆ ಒಂದು ಸಾವೂ ಆಗಿಲ್ಲ.

ಈಗ ಇದೇ ರಸ್ತೆಯ ಇನ್ನೂ ಆರು ಊರುಗಳು ಇಂಥದೇ ಉಬ್ಬು ಬೇಕೆಂದು ಕೇಳುತ್ತಿವೆ. ಪಂಚಾಯಿತಿಯವರು ಬಂದು, ‘ಮೇಡಂ, ಮೂರು ಇದ್ದದ್ದು ಸೊನ್ನೆಯಾಯಿತು ಎಂದು ನೀವೇ ಒಂದು ಲೆಕ್ಕ ಬರೆದುಕೊಡಿ, ಅರ್ಜಿಗೆ ಲಗತ್ತಿಸುತ್ತೇವೆ’ ಎಂದರು. ಬರೆಯಲು ಕುಳಿತರೆ ಕೈ ಓಡಲಿಲ್ಲ. ಉಬ್ಬೇ ಇಲ್ಲದ 2021ರಲ್ಲೂ ಸೊನ್ನೆಯೇ ಇತ್ತಲ್ಲ? ನಾನು ಬರೆದುಕೊಟ್ಟದ್ದು ತಪ್ಪಾಗಿ, ನಾಳೆ ಆ ಆರು ಊರುಗಳಲ್ಲಿ ಎಲ್ಲಾದರೂ ಒಂದು ಮಗು ಹೋದರೆ ಆ ಕಾಗದದ ಕೆಳಗೆ ನನ್ನ ಸಹಿ ಇರುತ್ತದೆ.

ಇನ್ನೊಂದು ಸಂಕಟ. ನಮ್ಮ ಜಾಗವನ್ನು ‘ಬ್ಲ್ಯಾಕ್ ಸ್ಪಾಟ್’, ಅಂದರೆ ಮತ್ತೆ ಮತ್ತೆ ಅಪಘಾತವಾಗುವ ಜಾಗಗಳ ಪಟ್ಟಿಗೆ ಸೇರಿಸಿ ಎಂದು ಕೇಳಲು ಹೋದಾಗ, ಮೂರು ವರ್ಷದಲ್ಲಿ ಐದು ಅಪಘಾತ ಆಗಿರಬೇಕು, ನಿಮ್ಮಲ್ಲಿ ನಾಲ್ಕೇ ಆಗಿವೆ ಎಂದು ಕಳುಹಿಸಿದರು. ಐದನೆಯದಕ್ಕೆ ಕಾದು ಕುಳಿತಿರಬೇಕೇ?

ಯಾರೂ ಸಾಯುವ ಮೊದಲೇ ಒಂದು ರಸ್ತೆ ಎಷ್ಟು ಅಪಾಯಕಾರಿ ಎಂದು ಅಳೆಯುವ ವಿಧಾನ ಇದೆಯೇ? ನನ್ನ ಹತ್ತಿರ ಇರುವುದು ಹತ್ತನೇ ತರಗತಿಯ 42 ಮಕ್ಕಳು, ಒಂದು ಅಳತೆ ಟೇಪು, ಒಂದು ಮೊಬೈಲ್.

ನಿವೃತ್ತ ಇಂಜಿನಿಯರ್, ಹಾಸನ | ಜೂನ್ 9

ಮೇಡಂ, 31 ವರ್ಷ ರಸ್ತೆ ಕೆಲಸದಲ್ಲೇ ಕಳೆದವನು ನಾನು. ನಿಮ್ಮ ಕೈ ನಿಂತದ್ದು ನಿಲ್ಲಬೇಕಾದ ಕಡೆಯಲ್ಲೇ. ನನ್ನ ಸೇವೆಯಲ್ಲಿ ‘ಕಾಮಗಾರಿಯ ನಂತರ ಅಪಘಾತ ಇಳಿದಿದೆ’ ಎಂಬ ಟಿಪ್ಪಣಿಗಳಿಗೆ ಎಷ್ಟೋ ಸಲ ಸಹಿ ಹಾಕಿದ್ದೇನೆ. ಅವುಗಳಲ್ಲಿ ಎಷ್ಟು ನಿಜವಾಗಿದ್ದವು ಎಂಬ ಯೋಚನೆ ಈಗಲೂ ಬಿಟ್ಟಿಲ್ಲ.

ತೊಡಕು ಎಲ್ಲಿದೆ ಎಂದು ಮಕ್ಕಳಿಗೆ ಚೌಕಾಬಾರದಿಂದಲೇ ತೋರಿಸಬಹುದು. ಒಂದೊಂದು ಮಗುವಿಗೂ ಒಂದು ಬದಿ ಉಜ್ಜಿದ ನಾಲ್ಕು ಹುಣಸೆ ಬೀಜ ಕೊಡಿ. ಎಲ್ಲರೂ ಒಂದು ಸಲ ಹಾಕಲಿ. ಬಾರ, ಅಂದರೆ ಅಪರೂಪದ ಎಂಟು, ಬಿದ್ದವರನ್ನು ಮಾತ್ರ ಎಬ್ಬಿಸಿ ಹಣೆಗೆ ಕುಂಕುಮ ಇಟ್ಟು, ಅವರಿಂದ ಇನ್ನೊಮ್ಮೆ ಹಾಕಿಸಿ. ಹೆಚ್ಚಿನವರಿಗೆ ಎರಡನೇ ಸಲ ಬಾರ ಬೀಳುವುದಿಲ್ಲ. ಕುಂಕುಮ ಬಾರವನ್ನು ತಡೆಯಿತು ಎನ್ನಲು ಬರುತ್ತದೆಯೇ? ನಾವು ಉಬ್ಬು ಹಾಕುವುದು ಯಾವಾಗಲೂ ಕೆಟ್ಟ ವರ್ಷದ ಮರುದಿನ. ಮುಂದಿನ ವರ್ಷ ಏನೂ ಮಾಡದಿದ್ದರೂ ಸಂಖ್ಯೆ ತನ್ನ ಸರಾಸರಿಯ ಕಡೆಗೆ ಇಳಿಯುವ ಸಂಭವವೇ ಹೆಚ್ಚು. ಟೊರೊಂಟೊ ವಿಶ್ವವಿದ್ಯಾಲಯದ ಎಜ್ರಾ ಹೌವರ್ ದಶಕಗಳ ಕಾಲ ಇಂಜಿನಿಯರುಗಳಿಗೆ ಹೇಳಿಕೊಟ್ಟದ್ದು ಇದನ್ನೇ: ಒಂದು ಜಾಗದ ಸ್ವಂತ ಎಣಿಕೆಯನ್ನು ಮಾತ್ರ ನಂಬಬೇಡಿ, ಅಂಥದೇ ಬೇರೆ ಜಾಗಗಳ ಎಣಿಕೆಯನ್ನೂ ಅದರೊಂದಿಗೆ ತೂಗಿ ನೋಡಿ.

ಆದ್ದರಿಂದ ಅದೇ ರಸ್ತೆಯಲ್ಲಿ, ಅಂಥದೇ ಶಾಲೆ ಇರುವ, ಉಬ್ಬು ಇಲ್ಲದ ಒಂದು ಊರನ್ನು ಹೋಲಿಕೆಗೆ ಆರಿಸಿಕೊಳ್ಳಿ. ಸಾವಿನ ಬದಲು ವೇಗವನ್ನು ಅಳೆಯಿರಿ. ಸಾವು ವರ್ಷಕ್ಕೆ ಒಂದೋ ಎರಡೋ. ವೇಗ ನಿಮಿಷಕ್ಕೆ ಹತ್ತು ಸಲ ನಿಮ್ಮ ಮುಂದೆ ಹಾದುಹೋಗುತ್ತದೆ.

ರಸ್ತೆಯ ಮೇಲೆ 30 ಮೀಟರ್ ಅಂತರದಲ್ಲಿ ಎರಡು ಸುಣ್ಣದ ಗೆರೆ ಎಳೆಸಿ. ಮಕ್ಕಳನ್ನು ರಸ್ತೆ ಬದಿಗೆ ಕಳುಹಿಸಲೇಬೇಡಿ. ಗುಂಪು ಕಂಡರೆ ಚಾಲಕರೂ ನಿಧಾನಿಸುತ್ತಾರೆ, ಅಳತೆ ಕೆಡುತ್ತದೆ. ಶಾಲೆಯ ತಾರಸಿಯ ಮೇಲಿಂದ ಎರಡೂ ಗೆರೆ ಕಾಣುವ ಹಾಗೆ ಮೊಬೈಲಿನಲ್ಲಿ ವಿಡಿಯೊ ತೆಗೆಯಿರಿ. ಸೆಕೆಂಡಿಗೆ 30 ಚಿತ್ರ ಹಿಡಿಯುವಂತೆ ಹೊಂದಿಸಿಕೊಂಡರೆ, ಒಂದು ಗೆರೆಯಿಂದ ಇನ್ನೊಂದಕ್ಕೆ ಎಷ್ಟು ಚಿತ್ರಗಳಾದವೋ ಅದರಿಂದ 3240ನ್ನು ಭಾಗಿಸಿದರೆ ಗಂಟೆಗೆ ಎಷ್ಟು ಕಿ.ಮೀ. ಎಂದು ನೇರವಾಗಿ ಸಿಗುತ್ತದೆ. 60 ಚಿತ್ರ ಎಂದರೆ 54 ಕಿ.ಮೀ. ಮುಂದೆ ಬೇರೆ ವಾಹನ ಅಡ್ಡವಿಲ್ಲದೆ ತನ್ನಿಚ್ಛೆಯಂತೆ ಓಡುವ ನೂರು ವಾಹನಗಳನ್ನು ಮಾತ್ರ ತೆಗೆದುಕೊಳ್ಳಿ. ಅವುಗಳ ವೇಗವನ್ನು ಏರಿಕೆಯ ಕ್ರಮದಲ್ಲಿ ಬರೆಸಿ, 85ನೆಯದನ್ನು ಗುರುತಿಸಿ. ನೂರರಲ್ಲಿ 85 ವಾಹನಗಳು ಅದನ್ನು ಮೀರುವುದಿಲ್ಲ. ಪ್ರಪಂಚದ ಎಲ್ಲ ಕಡೆ ರಸ್ತೆ ಇಂಜಿನಿಯರುಗಳು ಮೊದಲು ಕೇಳುವ ಸಂಖ್ಯೆ ಅದು. ವೇಗದ ಅರ್ಥವನ್ನೂ ಮಕ್ಕಳಿಗೆ ಹೇಳಿ: 72 ಕಿ.ಮೀ. ವೇಗ ಎಂದರೆ ಸೆಕೆಂಡಿಗೆ 20 ಮೀಟರ್. ಚಾಲಕ ಕಂಡು, ತಿಳಿದು, ಬ್ರೇಕಿಗೆ ಕಾಲಿಡಲು ನಮ್ಮ ವಿನ್ಯಾಸದಲ್ಲಿ 2.5 ಸೆಕೆಂಡ್ ಹಿಡಿಯುತ್ತೇವೆ. ಬ್ರೇಕ್ ಹಿಡಿಯುವ ಮೊದಲೇ 50 ಮೀಟರ್ ಮುಗಿದಿರುತ್ತದೆ.

ಎರಡನೆಯದು, ರಸ್ತೆಯನ್ನು ನಡೆದು ನೋಡುವುದು. ರಸ್ತೆಗಳಿಗೆ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ (ಐಆರ್‌ಸಿ) ಎಸ್‌ಪಿ 88 ಎಂಬ ಕೈಪಿಡಿ ಇರುವುದೇ ಸುರಕ್ಷತಾ ಪರಿಶೋಧನೆಗೆ. ಹಗಲು ಒಮ್ಮೆ, ಕತ್ತಲಲ್ಲಿ ಒಮ್ಮೆ ನಡೆಯಬೇಕು. ಪ್ರತಿ ಹತ್ತು ಹೆಜ್ಜೆಗೂ ಒಂದೇ ಪ್ರಶ್ನೆ: ಇಲ್ಲಿ ಯಾರಾದರೂ ತಪ್ಪು ಮಾಡಿದರೆ ಏನಾಗುತ್ತದೆ? ನಿಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸು ವಿಶ್ವೇಶ್ವರಯ್ಯ (ವಿ.ಸಿ.) ನಾಲೆಗೆ ಉರುಳಿ 30 ಜನ ಹೋದರು, ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಚಾಲಕನ ತಪ್ಪೇ ಇರಲಿ, ಇನ್ನೇನೇ ಇರಲಿ, ತಪ್ಪಿಗೂ ನೀರಿಗೂ ನಡುವೆ ಒಂದು ಗಟ್ಟಿ ತಡೆ ಇರಬೇಕು ಎಂಬುದು ಪರಿಶೋಧನೆಯ ತಿರುಳು.

ಬ್ಲ್ಯಾಕ್ ಸ್ಪಾಟ್ ವಿಷಯ. 500 ಮೀಟರ್ ಉದ್ದದಲ್ಲಿ, ಮೂರು ವರ್ಷದಲ್ಲಿ, ಸಾವು ಅಥವಾ ಗಂಭೀರ ಗಾಯವಾದ ಐದು ಅಪಘಾತ, ಇಲ್ಲವೇ ಹತ್ತು ಸಾವು: ಕೇಂದ್ರ ಸಚಿವಾಲಯ ಇದನ್ನು ರಾಷ್ಟ್ರೀಯ ಹೆದ್ದಾರಿಗೆಂದು ಬರೆದದ್ದು, ಉಳಿದ ರಸ್ತೆಗಳಿಗೂ ಅದನ್ನೇ ಹಿಡಿದು ಮಾತನಾಡುತ್ತಾರೆ. ‘ಗಂಭೀರ ಗಾಯ’ ಎಂಬ ಮಾತನ್ನು ಗಮನಿಸಿ. ನಿಮಗೆ ಹೇಳಿದ ನಾಲ್ಕು ಬರೀ ಸಾವಿನ ಎಣಿಕೆ.

ತಾಲ್ಲೂಕು ಆಸ್ಪತ್ರೆ ಸಿಸ್ಟರ್ | ಜೂನ್ 9

ಮೇಡಂ, ಇಂಜಿನಿಯರ್ ಸರ್ ಹೇಳಿದ ಕೊನೆಯ ಮಾತು ಓದಿ ಬರೆಯುತ್ತಿದ್ದೇನೆ. ತುರ್ತು ಚಿಕಿತ್ಸಾ ವಿಭಾಗದಲ್ಲಿ ನನಗೆ ಒಂಬತ್ತು ವರ್ಷವಾಯಿತು. ಬೈಕಿನಿಂದ ಬಿದ್ದು ಮೊಣಕಾಲು ಮುರಿದುಕೊಂಡವರು ನಮ್ಮಲ್ಲಿಗೆ ಬರುತ್ತಾರೆ, ಪಟ್ಟಿ ಕಟ್ಟಿಸಿಕೊಳ್ಳುತ್ತಾರೆ, ‘ಪೊಲೀಸ್ ಗೀಲೀಸ್ ಬೇಡ ಸಿಸ್ಟರ್, ನಾನೇ ಬಿದ್ದದ್ದು’ ಎಂದು ಕೈ ಮುಗಿಯುತ್ತಾರೆ. ಮೂಳೆ ಮುರಿತವನ್ನು ಕಾನೂನು ಗಂಭೀರ ಗಾಯವೆಂದೇ ಎಣಿಸುತ್ತದೆ. ಆದರೆ ಠಾಣೆಯ ಲೆಕ್ಕದಲ್ಲಿ ಅಂಥ ಎಷ್ಟೋ ಬೀಳುವಿಕೆ ಆಗಿಯೇ ಇರುವುದಿಲ್ಲ.

ನಿಮ್ಹಾನ್ಸ್‌ನ ಡಾ. ಜಿ. ಗುರುರಾಜ್ ಅವರ ತಂಡ ಬೆಂಗಳೂರಿನಲ್ಲಿ ಆಸ್ಪತ್ರೆ ಮತ್ತು ಪೊಲೀಸರ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡುವ ಕೆಲಸವನ್ನು ವರ್ಷಗಟ್ಟಲೆ ಮಾಡಿದೆ. ಅಂಥ ಕೆಲಸದ ತರಬೇತಿಯಲ್ಲಿ ಕಲಿತ ಒಂದು ಪಾಠವನ್ನು ನಾನು ನೆನಪಿಟ್ಟುಕೊಂಡಿದ್ದೇನೆ: ಗಾಯ ಎಲ್ಲಾಯಿತು, ಎಷ್ಟು ಗಂಟೆಗಾಯಿತು ಎಂದು ಬರೆಯದ ರಿಜಿಸ್ಟರ್ ಅರ್ಧ ರಿಜಿಸ್ಟರ್. ನಮ್ಮಲ್ಲಿ ಊರಿನ ಹೆಸರು ಬರೆದು ಬಿಡುವುದೇ ರೂಢಿ. ನಾನು ಒಬ್ಬಳಾದರೂ ‘ಡೇರಿ ಹತ್ತಿರ’, ‘ಮೋರಿ ಹತ್ತಿರ’ ಎಂದು ಕೇಳಿ ಬರೆಯುತ್ತೇನೆ. ವೈದ್ಯಾಧಿಕಾರಿಗಳ ಅನುಮತಿ ಪಡೆದು, ಹೆಸರು ವಿಳಾಸ ಏನೂ ಇಲ್ಲದೆ ಸಂಖ್ಯೆ ಮಾತ್ರ ತೆಗೆದು ಕೊಡುತ್ತೇನೆ. ಎರಡು ವಾರ ಸಮಯ ಕೊಡಿ.

ಲುಂಡ್‌ನಲ್ಲಿರುವ ಕನ್ನಡಿಗ | ಜೂನ್ 11

ಟೀಚರ್, ನಾನು ಶಿವಮೊಗ್ಗದವನು, ಈಗ ಸ್ವೀಡನ್ನಿನ ಲುಂಡ್‌ನಲ್ಲಿ ಸಂಚಾರ ಸುರಕ್ಷತೆಯ ವಿದ್ಯಾರ್ಥಿ. ನಿಮ್ಮ ‘ಐದನೆಯದಕ್ಕೆ ಕಾಯಬೇಕೇ’ ಎಂಬ ಪ್ರಶ್ನೆಗೆ ಉತ್ತರ ಹುಡುಕಿದ ಊರುಗಳಲ್ಲಿ ಇದೂ ಒಂದು. ಇಲ್ಲಿನ ಕ್ರಿಸ್ಟರ್ ಹೈಡೆನ್ ಮತ್ತು ಜೊತೆಗಾರರು ಅಪಘಾತಗಳ ಬದಲು, ಕೂದಲೆಳೆಯಲ್ಲಿ ತಪ್ಪಿದ ಅಪಘಾತಗಳನ್ನು ಎಣಿಸುವ ಕ್ರಮವನ್ನು ರೂಪಿಸಿದರು. ರಸ್ತೆ ಬದಿ ಕುಳಿತು, ಯಾರಾದರೂ ಥಟ್ಟನೆ ಬ್ರೇಕ್ ಹಿಡಿದರೆ, ವಾಹನ ತಿರುಗಿಸಿದರೆ, ಹಿಂದಕ್ಕೆ ಜಿಗಿದರೆ ಗುರುತು ಹಾಕಿಕೊಳ್ಳುವುದು. ಅವರು ಹಾಗೆ ಮಾಡದೆ ಇದ್ದಿದ್ದರೆ ಇನ್ನೆಷ್ಟು ಸೆಕೆಂಡಿನಲ್ಲಿ ಬಡಿಯುತ್ತಿತ್ತು, ಆಗ ವೇಗ ಎಷ್ಟಿತ್ತು ಎಂದು ಅಂದಾಜಿಸುವುದು. ಹಳ್ಳಿ ಪಟ್ಟಣದ ವೇಗದಲ್ಲಿ ಒಂದೂವರೆ ಸೆಕೆಂಡಿಗಿಂತ ಕಡಿಮೆ ಉಳಿದಿದ್ದರೆ ಅದನ್ನು ಗಂಭೀರ ಎನ್ನುತ್ತಾರೆ. ಇಲ್ಲಿ ವೀಕ್ಷಕರಿಗೆ ತರಬೇತಿ ಕೊಟ್ಟೇ ಕೂರಿಸುತ್ತಾರೆ. ನಿಮ್ಮಲ್ಲಿ ವಿಡಿಯೊ ಇರುವುದರಿಂದ ಅನುಮಾನ ಬಂದದ್ದನ್ನು ಮತ್ತೆ ಮತ್ತೆ ನೋಡಬಹುದು. ಇಬ್ಬರು ಮಕ್ಕಳು ಬೇರೆ ಬೇರೆ ಕುಳಿತು ಎಣಿಸಲಿ, ಇಬ್ಬರ ಪಟ್ಟಿಯೂ ಹೊಂದುತ್ತದೆಯೇ ನೋಡಿ.

ವೇಗದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಸರಾಸರಿ ವೇಗಕ್ಕೂ ಸಾವಿಗೂ ಇರುವ ಸಂಬಂಧವನ್ನು ಸೂತ್ರಕ್ಕೆ ತಂದವರು ಸ್ವೀಡನ್ನಿನವರೇ ಆದ ಯೋರನ್ ನಿಲ್ಸನ್. ಸರಾಸರಿ ವೇಗ ನೂರಕ್ಕೆ ಒಂದು ಪಾಲು ಏರಿದರೆ ಸಾವಿನ ಅಪಘಾತದ ಸಂಭವ ಸುಮಾರು ನೂರಕ್ಕೆ ನಾಲ್ಕು ಪಾಲು ಏರುತ್ತದೆ. ಇಳಿದರೆ ಹಾಗೆಯೇ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನೇ ಹೇಳುತ್ತದೆ. ನಿಮ್ಮ ತಾರಸಿಯ ಅಳತೆ ಸಾವಿನ ಲೆಕ್ಕಕ್ಕೆ ಕೊಂಡಿಯಾಗುವುದು ಹೀಗೆ.

ಗಣಿತ ಟೀಚರ್, ಮಂಡ್ಯ ಜಿಲ್ಲೆ | ಜುಲೈ 20

ಎಲ್ಲರಿಗೂ ನಮಸ್ಕಾರ. ಆರು ವಾರ ತಡವಾಗಿ ಬರೆಯುತ್ತಿದ್ದೇನೆ, ಆದರೆ ಕೆಲಸ ನಿಲ್ಲಿಸಿರಲಿಲ್ಲ.

ಮೊದಲು ಹುಣಸೆ ಬೀಜ. 42 ಮಕ್ಕಳಲ್ಲಿ ಮೂವರಿಗೆ ಬಾರ ಬಿತ್ತು. ಕುಂಕುಮ ಇಟ್ಟು ಮತ್ತೆ ಹಾಕಿಸಿದೆ, ಒಬ್ಬರಿಗೂ ಬೀಳಲಿಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ‘ಹಾಗಾದರೆ ನಮ್ಮ ಉಬ್ಬೂ ಕುಂಕುಮವೇ ಮೇಡಂ?’ ಎಂದ. ಸತ್ತ ಹುಡುಗಿಯ ಚಿಕ್ಕಪ್ಪನ ಮಗ ಅವನು. ಅಳೆದು ನೋಡೋಣ ಎಂದೆ.

ಉಬ್ಬಿನ ಮೇಲೆ ವಾಹನಗಳು ನಿಜವಾಗಿ ನಿಧಾನಿಸುತ್ತವೆ, 85ನೆಯದು 24 ಕಿ.ಮೀ. ಆದರೆ ಉಬ್ಬು ಇರುವುದು ಮಕ್ಕಳು ದಾಟುವ ಕಡೆಯಲ್ಲಲ್ಲ, ಗೇಟಿನಿಂದ 80 ಮೀಟರ್ ಆಚೆ. ಗೇಟಿನ ಮುಂದೆ ಅಳೆದಾಗ, ಉಬ್ಬು ದಾಟಿ ಬರುವವರು ಅಷ್ಟರಲ್ಲಿ 51 ಮುಟ್ಟಿರುತ್ತಾರೆ. ಎದುರು ದಿಕ್ಕಿನಿಂದ ಬರುವವರದು 66. ಉಬ್ಬಿಲ್ಲದ ಹೋಲಿಕೆ ಊರಿನಲ್ಲಿ, ಡೇರಿ ಕಟ್ಟಡದ ಮೇಲಿಂದ ತೆಗೆದದ್ದರಲ್ಲಿ 68. ಅಂದರೆ ಊರಿಗೆ ಒಂದು ದಿಕ್ಕಿನಿಂದ ಉಪಕಾರವಾಗಿದೆ, ಇನ್ನೊಂದು ದಿಕ್ಕಿನಿಂದ ಹೆಚ್ಚುಕಡಿಮೆ ಏನೂ ಆಗಿಲ್ಲ.

ನನ್ನ ನಿದ್ದೆ ಕೆಡಿಸಿದ್ದು ವೇಗವಲ್ಲ. ಉಬ್ಬು ಡಾಂಬರಿನ ಅಂಚಿಗೆ ಎರಡು ಅಡಿ ಮೊದಲೇ ಮುಗಿಯುತ್ತದೆ, ಮಳೆ ನೀರು ಹರಿಯಲೆಂದು ಹಾಗೆ ಬಿಟ್ಟಿದ್ದಾರೆ. ಬೈಕಿನವರು ಉಬ್ಬು ತಪ್ಪಿಸಲು ಆ ಸಂದಿಯಲ್ಲಿ ನುಗ್ಗಿ, ಅಲ್ಲಿಂದ ಮಣ್ಣಿನ ಅಂಚಿಗೆ ಇಳಿದು, ಮತ್ತೆ ಡಾಂಬರಿಗೆ ಏರುತ್ತಾರೆ. ಎಣಿಸಿದ ನೂರು ಬೈಕುಗಳಲ್ಲಿ 38 ಹೀಗೆ ಹೋದವು. ಆ ಮಣ್ಣಿನ ಅಂಚೇ ಮಕ್ಕಳು ಶಾಲೆಗೆ ಬರುವ ದಾರಿ. ನಾನೇ ಹೋಗಿ ಬಗ್ಗಿ ನೋಡಿದೆ: ಎರಡು ಅಡಿ ಅಗಲದಲ್ಲಿ ಮಣ್ಣು ಒರಳಿನ ಒಳಗಿನಂತೆ ನುಣ್ಣಗೆ ಸವೆದಿದೆ, ನಡುವೆ ಟೈರಿನ ಗುರುತು, ಅದರ ಮೇಲೆಯೇ ಚಿಕ್ಕ ಚಿಕ್ಕ ಚಪ್ಪಲಿಯ ಗುರುತು. ಒಂದೂವರೆ ವರ್ಷ ದಿನವೂ ಅದರ ಪಕ್ಕದಲ್ಲೇ ನಡೆದಿದ್ದೇನೆ, ಕಣ್ಣಿಗೆ ಬಿದ್ದಿರಲಿಲ್ಲ.

ನಾಲ್ಕು ದಿನ, ಶಾಲೆ ಸೇರುವ ಮತ್ತು ಬಿಡುವ ಹೊತ್ತಿನ ವಿಡಿಯೊದಲ್ಲಿ ಮಕ್ಕಳು ಕೂದಲೆಳೆಯಲ್ಲಿ ತಪ್ಪಿದ ಹನ್ನೊಂದು ಘಟನೆ ಹಿಡಿದರು. ಇಬ್ಬರ ಪಟ್ಟಿಯಲ್ಲೂ ಇದ್ದದ್ದನ್ನು ಮಾತ್ರ ಉಳಿಸಿಕೊಂಡೆವು. ಹನ್ನೊಂದರಲ್ಲಿ ಏಳು ಆ ಮಣ್ಣಿನ ಅಂಚಿನಲ್ಲೇ. ಒಂದರಲ್ಲಿ ನಾಲ್ಕನೇ ತರಗತಿಯ ಮಗುವೊಂದು ಬ್ಯಾಗಿನ ಸಮೇತ ಚರಂಡಿಗೆ ಜಿಗಿಯುತ್ತದೆ. ಅದನ್ನು ನೋಡಿದ ಮೇಲೆ ಆ ದಿನ ಪಾಠ ಮುಂದುವರಿಸಲು ನನ್ನಿಂದ ಆಗಲಿಲ್ಲ.

ಸಿಸ್ಟರ್ ಕಳುಹಿಸಿದ ಸಂಖ್ಯೆಯೂ ಬಂತು. 2022ರಿಂದ 2024ರವರೆಗೆ ‘ಶಾಲೆ’, ‘ಡೇರಿ’, ‘ಉಬ್ಬು’ ಎಂದು ಜಾಗ ಬರೆದಿರುವ ಮೂಳೆ ಮುರಿತ ಆರು. 2024ರ ಎರಡೂ ಉಬ್ಬಿನ ಮೇಲೆಯೇ ಬಿದ್ದದ್ದು, ಎರಡೂ ರಾತ್ರಿ. ಆರರಲ್ಲಿ ಎರಡಕ್ಕೆ ಎಫ್‌ಐಆರ್ ಇದೆ, ಆದರೆ ಪಕ್ಕದ ಠಾಣೆಯಲ್ಲಿ. ಎರಡು ಠಾಣೆಗಳ ಗಡಿ ನಮ್ಮ ಡೇರಿಯ ಪಕ್ಕದ ಮೋರಿ! ಆ ಎರಡನ್ನು ಸಾವಿನ ನಾಲ್ಕಕ್ಕೆ ಕೂಡಿಸಿದರೆ ಬ್ಲ್ಯಾಕ್ ಸ್ಪಾಟ್ ಲೆಕ್ಕಕ್ಕೆ ನಮ್ಮದು ನಾಲ್ಕಲ್ಲ, ಆರು.

ನಿವೃತ್ತ ಇಂಜಿನಿಯರ್, ಹಾಸನ | ಜುಲೈ 20

ಮೇಡಂ, ಎರಡು ಸಲ ಓದಿದೆ. ಉಬ್ಬಿನ ಅಗಲ, ಎತ್ತರ ಅಳೆದಿದ್ದೀರಾ?

ಗಣಿತ ಟೀಚರ್, ಮಂಡ್ಯ ಜಿಲ್ಲೆ | ಜುಲೈ 21

ಇವತ್ತು ಬೆಳಿಗ್ಗೆ ಅಳೆದೆವು ಸರ್. ವಾಹನ ಸಾಗುವ ದಿಕ್ಕಿನಲ್ಲಿ 1.2 ಮೀಟರ್, ಎತ್ತರ 15 ಸೆಂಟಿಮೀಟರ್. ಬಣ್ಣ ಅಳಿಸಿಹೋಗಿದೆ. ಮುಂಚೆ ತಿಳಿಸುವ ಫಲಕ ಎರಡೂ ಕಡೆ ಇಲ್ಲ.

ನಿವೃತ್ತ ಇಂಜಿನಿಯರ್, ಹಾಸನ | ಜುಲೈ 21

ಹಾಗಾದರೆ ಅದು ಉಬ್ಬಲ್ಲ, ರಸ್ತೆಗೆ ಅಡ್ಡ ಹಾಕಿದ ದಿಂಡು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನದೇ ಇನ್ನೊಂದು ಮಾರ್ಗಸೂಚಿ ಐಆರ್‌ಸಿ 99ರ ಪ್ರಕಾರ 25 ಕಿ.ಮೀ. ವೇಗಕ್ಕೆ ಹಾಕುವ ದುಂಡನೆಯ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. 40 ಮೀಟರ್ ಮುಂಚೆ ಫಲಕ, ಮೇಲೆ ಬಿಳಿ ಪಟ್ಟೆ. ಹಾಗಿದ್ದರೆ ಬೈಕಿನವನು ಅದರ ಮೇಲೆಯೇ ಸಮಾಧಾನವಾಗಿ ಹೋಗುತ್ತಾನೆ. ಈ ದಿಂಡಿನ ಮೇಲೆ ಹೋದರೆ ಸೊಂಟ ಕಳಚುತ್ತದೆ, ಅದಕ್ಕೇ ಮಣ್ಣಿಗೆ ಇಳಿಯುತ್ತಿದ್ದಾನೆ.

ಅರ್ಜಿಯಲ್ಲಿ ಸ್ಪಷ್ಟವಾಗಿ ಕೇಳಿ: ಗೇಟಿನ ಎರಡೂ ಬದಿಗೆ ಅಳತೆಯ ಉಬ್ಬು, ನಡುವೆ ಎತ್ತರಿಸಿದ ಪಾದಚಾರಿ ದಾಟು. ನೀರಿಗೆ ಕೆಳಗೆ ಪೈಪು ಹಾಕಿ ಉಬ್ಬನ್ನು ಅಂಚಿನವರೆಗೆ ಒಯ್ಯಲಿ. ಮಣ್ಣಿನ ದಾರಿಗೂ ಡಾಂಬರಿಗೂ ನಡುವೆ ಕಲ್ಲು ನೆಡಿಸಬೇಡಿ, ಬಡಿದರೆ ಅದೇ ಕೊಲ್ಲುತ್ತದೆ. ಬಾಗುವ ಕಂಬ ಸಾಕು. ಕಬ್ಬಿನ ಟ್ರ್ಯಾಕ್ಟರುಗಳ ಕಾಲ ಶುರುವಾಗುವ ಮೊದಲೇ ದೀಪ ಕೇಳಿ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೇ ಕೊಡಿ, ಪೊಲೀಸ್, ಆರೋಗ್ಯ, ರಸ್ತೆ ಮೂವರೂ ಒಂದೇ ಮೇಜಿಗೆ ಬರುವುದು ಅಲ್ಲಿ. ಬೆಳಗಾವಿ–ಯರಗಟ್ಟಿ ರಸ್ತೆಯಲ್ಲಿ ಇಂಥ ಎಲ್ಲ ಇಲಾಖೆಗಳನ್ನೂ ಒಂದೇ ನೊಗಕ್ಕೆ ಕಟ್ಟಿ ಕೆಲಸ ಮಾಡಿದಾಗ ಸಾವು ಅರ್ಧಕ್ಕೂ ಹೆಚ್ಚು ಇಳಿಯಿತು ಎಂದು ವಿಶ್ವ ಬ್ಯಾಂಕ್ ದಾಖಲಿಸಿದೆ. ಹಣ ಕೊಟ್ಟದ್ದೂ ಅದೇ ಬ್ಯಾಂಕ್ ಎಂಬುದನ್ನು ನೆನಪಿಟ್ಟುಕೊಂಡು ಓದಬೇಕು, ಆದರೂ ದಾರಿ ಅದೇ.

ಇನ್ನು ಆ ಆರು ಊರುಗಳು. ಅಲ್ಲಿ ಒಂದು ಬುಟ್ಟಿ ಜಲ್ಲಿ ಬೀಳುವ ಮೊದಲೇ ಹೋಗಿ ಅಳೆದುಬಿಡಿ. ನಿಮ್ಮ ಊರಿನಲ್ಲಿ ‘ಮೊದಲು ಹೇಗಿತ್ತು’ ಎಂಬ ಅಳತೆ ಸಿಗದೆ ಹೋಯಿತು, ಅಲ್ಲಿ ಸಿಗುತ್ತದೆ.

ಗಣಿತ ಟೀಚರ್, ಮಂಡ್ಯ ಜಿಲ್ಲೆ | ಜುಲೈ 23

ಪಂಚಾಯಿತಿಯವರಿಗೆ ಲೆಕ್ಕ ಬರೆದುಕೊಟ್ಟೆ ಸರ್. ‘ಮೂರು ಇದ್ದದ್ದು ಸೊನ್ನೆ’ ಎಂಬ ಸಾಲು ಅದರಲ್ಲಿಲ್ಲ. 66, 51, 38, 11, 6 ಎಂಬ ಐದು ಸಂಖ್ಯೆ, ಒಂದೊಂದರ ಕೆಳಗೆ ಅಳೆದ ದಿನ, ಹೊತ್ತು, ಅಳೆದ ಮಕ್ಕಳ ಸಹಿ ಇದೆ. ಅಧ್ಯಕ್ಷರು ಮೊದಲು ಮುಖ ಗಂಟಿಕ್ಕಿದರು. ಚರಂಡಿಗೆ ಜಿಗಿಯುವ ಮಗುವಿನ ವಿಡಿಯೊ ತೋರಿಸಿದೆ. ಅವರ ಮೊಮ್ಮಗಳೂ ಅದೇ ತರಗತಿಯಲ್ಲಿದ್ದಾಳೆ. ಸಮಿತಿಯ ಸಭೆಗೆ ತಾವೇ ಬರುತ್ತೇನೆ ಎಂದಿದ್ದಾರೆ.

ಇವತ್ತು ಸಂಜೆ ಸುಣ್ಣದ ಪೊಟ್ಟಣದಿಂದ ಹಳೆಯ ಉಬ್ಬಿಗೆ ನಾವೇ ಪಟ್ಟೆ ಎಳೆಯುತ್ತೇವೆ, ಅನುಮತಿ ಸಿಕ್ಕಿದೆ. ಆರು ಊರುಗಳಲ್ಲಿ ಮೊದಲನೆಯದಕ್ಕೆ ಸೋಮವಾರ ಹೋಗುವುದು. ಅಲ್ಲಿನ ಶಾಲೆಯ ತಾರಸಿಗೆ ಮೆಟ್ಟಿಲಿಲ್ಲ, ಡೇರಿಯವರು ಏಣಿ ಕೊಡುತ್ತಾರಂತೆ. ಎಂಟೂವರೆಗೆ ಅಲ್ಲಿರುತ್ತೇವೆ.